ಹೆಡ್‌ಮಾಸ್ತರರ ಗಡಿಯಾರ

ಕಾದಂಬರಿಗಳಲ್ಲಿ ಬರುವ ಹೆಡ್‌ಮಾಸ್ತರರಿಗೆ ಕೆಲಸವೇ ಇರುವುದಿಲ್ಲ. ಇದು ನಾನು ಬಹಳ ಕಾಲದಿಂದ ಗಮನಿಸುತ್ತ ಬಂದಿರುವ ಸಂಗತಿ. ಅವರಿಗೆ ಬೆತ್ತವಿರುತ್ತದೆ, ಕನ್ನಡಕವಿರುತ್ತದೆ, ಗಡಸು ದನಿಯಿರುತ್ತದೆ, ಒಮ್ಮೊಮ್ಮೆ ಒಳ್ಳೆಯ ಹೃದಯವೂ ಇರುತ್ತದೆ. ಆದರೆ ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ ಆ ಮನುಷ್ಯನು ಮಾಡುವುದೇನು ಎಂಬುದನ್ನು ನಾನು ಓದಿದ ಕಾದಂಬರಿಕಾರರಲ್ಲಿ ಯಾರೂ ಹೇಳುವ ಗೋಜಿಗೆ ಹೋಗಿಲ್ಲ. ಕಥಾನಾಯಕನಾದ ಹುಡುಗನಿಗೆ ಏಟು ಬೀಳಬೇಕಾದಾಗ ಹೆಡ್‌ಮಾಸ್ತರರ ಕೋಣೆಯ ಬಾಗಿಲು ತೆರೆಯುತ್ತದೆ. ಏಟು ಬಿದ್ದೊಡನೆ ಮುಚ್ಚಿಕೊಳ್ಳುತ್ತದೆ. ಬಾಗಿಲು ಮುಚ್ಚಿದ ಮೇಲೆ ಒಳಗೆ ಏನು ನಡೆಯಿತೆಂದು ಕೇಳುವವರಿಲ್ಲ.

ಆ ಬಾಗಿಲ ಒಳಗೆ ಹೋಗಿ ಕುಳಿತು, ಎರಡು ವರ್ಷ ಅಲ್ಲಿಂದ ಏಳದೆ ಬರೆದ ಒಂದು ಪುಸ್ತಕವುಂಟು. ಅಮೆರಿಕದ ಒರೆಗನ್ ವಿಶ್ವವಿದ್ಯಾನಿಲಯದಲ್ಲಿದ್ದ ಹ್ಯಾರಿ ವೊಲ್ಕಾಟ್ ಬರೆದು 1973ರಲ್ಲಿ ಪ್ರಕಟವಾದ ‘ದಿ ಮ್ಯಾನ್ ಇನ್ ದಿ ಪ್ರಿನ್ಸಿಪಲ್ಸ್ ಆಫೀಸ್’. ಇದು ಕಾದಂಬರಿಯಲ್ಲ, ಮಾನವಶಾಸ್ತ್ರದ ಗ್ರಂಥ. ಆದರೂ ಸಾಹಿತ್ಯದ ಪುಟಗಳಲ್ಲಿ ಇದರ ಮಾತೆತ್ತಲು ಕಾರಣವಿದೆ. ಕಥೆಗಾರರು ಬಿಟ್ಟ ಜಾಗವನ್ನು ಇದು ತುಂಬಿದೆ. ಅಷ್ಟೇ ಅಲ್ಲ, ಅವರು ಯಾಕೆ ಬಿಟ್ಟರು ಎಂಬುದನ್ನೂ ತನಗೆ ಅರಿವಿಲ್ಲದೆಯೇ ತೋರಿಸಿಕೊಟ್ಟಿದೆ.

ವೊಲ್ಕಾಟ್ ಇದಕ್ಕೆ ಮೊದಲು ಕೆನಡದ ಕ್ವಾಕಿಯುಟ್ಲ್ ಎಂಬ ಮೂಲನಿವಾಸಿಗಳ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದು, ಆ ಹಳ್ಳಿಯನ್ನೂ ಅದರ ಶಾಲೆಯನ್ನೂ ಕುರಿತು 1967ರಲ್ಲಿ ಪುಸ್ತಕ ಬರೆದಿದ್ದವರು. ದೂರದ ಜನಾಂಗವನ್ನು ನೋಡುವ ಕಣ್ಣಿನಿಂದಲೇ ತನ್ನ ಊರಿನ ಹೆಡ್‌ಮಾಸ್ತರನನ್ನೂ ನೋಡಿದರೆ ಹೇಗೆ ಎಂಬ ಯೋಚನೆ ಅವರಿಗೆ ಬಂದಿತು. ಪ್ರಾಥಮಿಕ ಶಾಲೆಯೊಂದರ ಮುಖ್ಯಸ್ಥನನ್ನು ಆರಿಸಿಕೊಂಡರು. ಅವನು ಪಾಠದ ಹೊರೆಯಿಲ್ಲದೆ ಮುಖ್ಯಸ್ಥನ ಕೆಲಸವನ್ನಷ್ಟೇ ಮಾಡುವವನಾಗಿರಬೇಕು, ಒಂದೇ ಶಾಲೆ ಅವನ ಸುಪರ್ದಿನಲ್ಲಿರಬೇಕು, ಆ ಹುದ್ದೆಯಲ್ಲಿ ಕೆಲವು ವರ್ಷ ಕಳೆದಿರಬೇಕು, ಅದನ್ನೇ ತನ್ನ ಜೀವನದ ವೃತ್ತಿಯೆಂದು ಎಣಿಸಿರಬೇಕು ಎಂಬವು ಅವರು ಹಾಕಿಕೊಂಡ ನಿಯಮಗಳು. ಮಹಾಪುರುಷನನ್ನು ಹುಡುಕಲಿಲ್ಲ, ಸಾಧಾರಣನನ್ನು ಹುಡುಕಿದರು. ಪುಸ್ತಕದಲ್ಲಿ ಅವನಿಗೆ ಎಡ್ ಬೆಲ್ ಎಂದು ಹೆಸರಿಟ್ಟಿದ್ದಾರೆ. ನಿಜವಾದ ಹೆಸರು ಬೇರೆ. ಟಿಪ್ಪಣಿ ಪುಸ್ತಕ ಹಿಡಿದು ಅವನ ಹಿಂದೆಯೇ ತಿರುಗುತ್ತಿದ್ದ ಈ ಮಹಾಶಯನಿಗೆ ಶಾಲೆಯವರು ‘ನೆರಳು’ ಎಂಬ ಅಡ್ಡಹೆಸರನ್ನಿಟ್ಟಿದ್ದರಂತೆ. ಒಪ್ಪುವ ಹೆಸರೇ.

ನೆರಳು ಕಂಡದ್ದೇನು? ಒಂದು ವಾಕ್ಯದಲ್ಲಿ ಹೇಳುವುದಾದರೆ, ಹೆಡ್‌ಮಾಸ್ತರನಿಗೆ ತನ್ನದೆನ್ನುವ ಹೊತ್ತು ಇಲ್ಲ ಎಂಬುದನ್ನು. ಅವನ ಹಗಲಿನ ಬಹುಭಾಗ ಮತ್ತೊಬ್ಬರ ಎದುರಿನಲ್ಲಿ ಕಳೆಯುತ್ತದೆ. ಕೆಲವು ಮೊದಲೇ ಗೊತ್ತುಮಾಡಿದ ಸಭೆಗಳು. ಕೆಲವು ‘ಒಂದು ನಿಮಿಷ ಸಾರ್’ ಎಂದು ಬಾಗಿಲಲ್ಲಿ ತಲೆಹಾಕುವವರ ಭೇಟಿಗಳು. ಕೆಲವು ನಡುಮನೆಯಲ್ಲಿ ಎದುರು ಸಿಕ್ಕಿ ನಿಲ್ಲಿಸಿಕೊಂಡವರ ಮಾತು. ಉಳಿದುದನ್ನು ಫೋನು ತಿನ್ನುತ್ತದೆ. ಒಬ್ಬನೇ ಕುಳಿತು ಒಂದು ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದುವ ಹೊತ್ತು ಅವನಿಗೆ ಬಲು ಕಡಿಮೆ. ವೊಲ್ಕಾಟ್ ಕೆಲವು ಅವಧಿಗಳಲ್ಲಿ ಗಡಿಯಾರ ಇಟ್ಟುಕೊಂಡು ನಿಮಿಷ ನಿಮಿಷಕ್ಕೂ ಅವನು ಏನು ಮಾಡುತ್ತಿದ್ದಾನೆಂದು ಗುರುತು ಹಾಕಿದ್ದಾರೆ. ಓದುಗನಿಗೆ ಇದು ಮೊದಲು ನಗು ತರಿಸುತ್ತದೆ, ಆಮೇಲೆ ಸುಸ್ತು, ಕೊನೆಗೆ, ನನ್ನ ಮಟ್ಟಿಗಂತೂ, ಆ ಮನುಷ್ಯನ ಮೇಲೆ ಒಂದು ಬಗೆಯ ಗೌರವ.

ಇದೇ 1973ರಲ್ಲಿ ಹೆನ್ರಿ ಮಿಂಟ್ಸ್‌ಬರ್ಗ್ ಎಂಬವರ ಇನ್ನೊಂದು ಪುಸ್ತಕವೂ ಹೊರಬಂದುದು ಕಾಕತಾಳೀಯ. ದೊಡ್ಡ ಸಂಸ್ಥೆಗಳ ಐವರು ಮುಖ್ಯಸ್ಥರನ್ನು ಒಬ್ಬೊಬ್ಬರಂತೆ ಒಂದೊಂದು ವಾರ ಹಿಂಬಾಲಿಸಿ ಅವರು ಬರೆದದ್ದು. ಆ ಐವರಲ್ಲಿ ಒಬ್ಬರು ಶಾಲೆಗಳ ಆಡಳಿತದ ಮುಖ್ಯಾಧಿಕಾರಿ. ಆ ಮುಖ್ಯಸ್ಥರು ಕೈಹಾಕಿದ ಕೆಲಸಗಳಲ್ಲಿ ಅರ್ಧದಷ್ಟು ಒಂಬತ್ತು ನಿಮಿಷವೂ ಬಾಳಲಿಲ್ಲವೆಂದು ಅವರು ಕಂಡುಕೊಂಡರು. ಕಾರಖಾನೆಯ ಯಜಮಾನನಾಗಲಿ ಆಸ್ಪತ್ರೆಯ ಮುಖ್ಯಸ್ಥನಾಗಲಿ, ಚೂರುಚೂರಾದ ದಿನ ಅವರಿಗೂ ತಪ್ಪಿದ್ದಲ್ಲ. ಆದರೆ ಅವರ ಬಾಗಿಲಲ್ಲಿ ಆಪ್ತ ಕಾರ್ಯದರ್ಶಿ ಕೂತಿರುತ್ತಾನೆ. ಮೂಗಿನಲ್ಲಿ ರಕ್ತ ಸುರಿಸಿಕೊಂಡು ಬಂದ ಏಳು ವರ್ಷದ ಹುಡುಗನಿಗೆ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’ ಎಂದು ಹೇಳುವುದು ಯಾವ ಶಾಲೆಯಲ್ಲೂ ಸಾಧ್ಯವಿಲ್ಲ.

ಈಗ ಅಂಗಡಿಗಳಲ್ಲಿ ಕಾಲ ನಿರ್ವಹಣೆಯ ಪುಸ್ತಕಗಳು ಸೇರಿನ ಲೆಕ್ಕದಲ್ಲಿ ಸಿಗುತ್ತವೆ. ಶಿಕ್ಷಕರ ತರಬೇತಿಗಳಲ್ಲಿಯೂ ಅವುಗಳ ಸಾರವನ್ನು ಹಂಚುತ್ತಾರೆ. ತುರ್ತು, ಮುಖ್ಯ ಎಂದು ನಾಲ್ಕು ಮನೆಗಳ ಚೌಕ ಬರೆದುಕೊಳ್ಳಿ. ದಿನಕ್ಕೊಂದು ಗಂಟೆ ಬಾಗಿಲು ಹಾಕಿಕೊಳ್ಳಿ. ಅಡ್ಡಿಗಳನ್ನು ನಿವಾರಿಸಿಕೊಳ್ಳಿ ಎಂದು ಉಪದೇಶ. ವೊಲ್ಕಾಟ್ ಓದಿದವನಿಗೆ ಈ ಉಪದೇಶದ ಬುಡವೇ ಅಲುಗಾಡುವುದು ಕಾಣುತ್ತದೆ. ಕೆಲಸ ಒಂದು ಕಡೆ, ಅದಕ್ಕೆ ಬರುವ ಅಡ್ಡಿ ಇನ್ನೊಂದು ಕಡೆ ಎಂದು ವಿಂಗಡಿಸಬಹುದಾದರೆ ತಾನೆ ಅಡ್ಡಿಯನ್ನು ನಿವಾರಿಸುವುದು? ಹೆಡ್‌ಮಾಸ್ತರನ ಪಾಲಿಗೆ ಅಡ್ಡಿಯೇ ಕೆಲಸ. ಬಾಗಿಲು ಹಾಕಿಕೊಂಡ ಒಂದು ಗಂಟೆಯಲ್ಲಿ ಅವನು ಪುಸ್ತಕದ ಪ್ರಕಾರ ಮುಖ್ಯವಾದುದನ್ನು ಮಾಡಬಹುದು. ಅದೇ ಗಂಟೆಯಲ್ಲಿ ಅವನಿಲ್ಲದ ಶಾಲೆ ಬೇರೆಯೇ ಶಾಲೆಯಾಗಿರುತ್ತದೆ.

ಕೆಲವು ವರ್ಷಗಳ ಕೆಳಗೆ ನನ್ನ ತಂಗಿಯ ಮೊಮ್ಮಗನ ವ್ಯಾಸಂಗ ಪ್ರಮಾಣಪತ್ರಕ್ಕಾಗಿ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಮುಖ್ಯೋಪಾಧ್ಯಾಯಿನಿಯವರು ‘ಕೂತ್ಕೊಳ್ಳಿ ಸಾರ್, ಐದೇ ನಿಮಿಷ’ ಎಂದು ಪೆನ್ನು ತೆಗೆದರು. ಹುಡುಗನ ಹೆಸರು ಬರೆಯುವಷ್ಟರಲ್ಲಿ ಅಡುಗೆಯಾಕೆ ಬಂದು, ‘ಮಿಸ್, ಇವತ್ತು ನೂರಾ ಹನ್ನೆರಡಾ, ನೂರಾ ಹದಿನಾಲ್ಕಾ? ಅಕ್ಕಿ ಅಳೀಬೇಕು’ ಎಂದಳು. ಹಾಜರಿ ಎಣಿಸಲು ಒಬ್ಬ ಹುಡುಗಿ ತರಗತಿಗಳಿಗೆ ಓಡಿದಳು. ತಂದೆಯ ಹೆಸರಿಗೆ ಬರುವ ಹೊತ್ತಿಗೆ ಫೋನು. ಯಾವುದೋ ಅಂಕಿಅಂಶ ಅರ್ಧ ಗಂಟೆಯೊಳಗೆ ಮೇಲಕ್ಕೆ ಹೋಗಬೇಕಂತೆ. ಜನ್ಮದಿನಾಂಕದ ಹತ್ತಿರ ನಲ್ಲಿ ರಿಪೇರಿಯವನು. ಜಾತಿಯ ಕಾಲಮಿನ ಹತ್ತಿರ ಕಂಪಾಸ್ ಬಾಕ್ಸಿಗಾಗಿ ಹೊಡೆದಾಡಿದ ಇಬ್ಬರು, ಅವರ ಹಿಂದೆ ಸಾಕ್ಷಿ ಹೇಳಲು ಆರು ಮಂದಿ. ಐದು ನಿಮಿಷ ಮುಕ್ಕಾಲು ಗಂಟೆಯಾಯಿತು. ನನಗೆ ಬೇಸರವಾಗಲಿಲ್ಲ. ಆಕೆ ಪ್ರತಿಯೊಬ್ಬರಿಗೂ ಪೂರ್ತಿ ಮುಖವನ್ನೆತ್ತಿ ಉತ್ತರ ಹೇಳುತ್ತಿದ್ದರು. ಪೆನ್ನು ಮಾತ್ರ ಅಕ್ಷರದ ನಡುವೆ ನಿಂತ ಜಾಗದಲ್ಲೇ ನಿಂತಿತ್ತು.

ಇದನ್ನು ಕಾದಂಬರಿ ಮಾಡುವುದು ಕಷ್ಟವೆಂಬುದನ್ನು ಒಪ್ಪುತ್ತೇನೆ. ಕಥೆಗೆ ಒಂದು ಘಟನೆ ಬೇಕು. ಇಲ್ಲಿ ನಲವತ್ತು ಘಟನೆಗಳು, ಒಂದೂ ಬೆಳೆಯುವುದಿಲ್ಲ. ಆದುದರಿಂದಲೇ ಲೇಖಕರು ಹೆಡ್‌ಮಾಸ್ತರನ ಗುಣವನ್ನು ಹಿಡಿದರು, ದಿನವನ್ನು ಬಿಟ್ಟರು. ಆರ್. ಕೆ. ನಾರಾಯಣರ 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಹೆಡ್‌ಮಾಸ್ತರನೆಂದರೆ ಬೆತ್ತ, ಸ್ವಾಮಿ ಆ ಬೆತ್ತವನ್ನು ಕಿತ್ತುಕೊಂಡು ಕಿಟಕಿಯಾಚೆ ಎಸೆದು ಓಡಿಹೋಗುವುದು ಪ್ರಸಿದ್ಧ. ನಮ್ಮ ಎಂ. ಆರ್. ಶ್ರೀಯವರ ‘ರಂಗಣ್ಣನ ಕನಸಿನ ದಿನಗಳು’ ಹಳೆಯ ಮೈಸೂರಿನ ಶಾಲೆಗಳ ಅಪೂರ್ವ ಚಿತ್ರ. ವಿದ್ಯಾ ಇಲಾಖೆಯಲ್ಲಿ ಸ್ವತಃ ಕೆಲಸ ಮಾಡಿದವರು ಬರೆದದ್ದಾದ್ದರಿಂದ ಅದರಲ್ಲಿ ಹಳ್ಳಿಯ ಮೇಷ್ಟ್ರು, ಪ್ರಮುಖರ ಕಾಟ, ಸಂಘದ ಸಭೆ, ತಿಂಡಿತೀರ್ಥ ಎಲ್ಲವೂ ಜೀವಂತವಾಗಿವೆ. ಆದರೆ ಅದು ಇನ್‌ಸ್ಪೆಕ್ಟರರ ಕಣ್ಣು. ಇನ್‌ಸ್ಪೆಕ್ಟರ್ ಬರುವ ದಿನ ಶಾಲೆ ಬೇರೆ ದಿನದಂತೆ ಇರುವುದಿಲ್ಲವೆಂಬುದು ಇನ್‌ಸ್ಪೆಕ್ಟರೊಬ್ಬನಿಗಲ್ಲದೆ ಉಳಿದವರಿಗೆಲ್ಲ ಗೊತ್ತು. ರಂಗಣ್ಣನಿಗೆ ಅದೂ ಗೊತ್ತಿತ್ತು ಎಂಬುದು ಎಂ. ಆರ್. ಶ್ರೀಯವರ ಜಾಣತನ; ಆದರೂ ಅವನು ಸವಾರಿ ಮುಂದುವರಿಸಿದ ಮೇಲೆ ಆ ಹೆಡ್‌ಮೇಷ್ಟ್ರು ಏನು ಮಾಡಿದರೆಂದು ಕಾದಂಬರಿ ತಿರುಗಿ ನೋಡುವುದಿಲ್ಲ.

ಬೆತ್ತದ ಹೆಡ್‌ಮಾಸ್ತರನಿಗೆ ಎದುರಾಗಿ ಸಂತ ಹೆಡ್‌ಮಾಸ್ತರನೂ ಉಂಟು. ನಾರಾಯಣರೇ 1945ರಲ್ಲಿ ಬರೆದ ‘ದಿ ಇಂಗ್ಲಿಷ್ ಟೀಚರ್’ನಲ್ಲಿ ಮಕ್ಕಳ ಶಾಲೆ ನಡೆಸುವವನೊಬ್ಬನು ಬರುತ್ತಾನೆ. ತಾನು ಸಾಯುವ ದಿನವನ್ನು ಜ್ಯೋತಿಷಿಯೊಬ್ಬನು ಗುರುತು ಹಾಕಿಕೊಟ್ಟಿದ್ದಾನೆಂದು ನಂಬಿ, ಉಳಿದ ಕಾಲವನ್ನೆಲ್ಲ ಮಕ್ಕಳಿಗೆ ಕೊಟ್ಟುಕೊಂಡವನು. ಆ ದಿನ ಬಂದು ಹೋಗುತ್ತದೆ, ಅವನು ಸಾಯುವುದಿಲ್ಲ, ಹಳೆಯ ಸಂಸಾರದ ಮಟ್ಟಿಗೆ ಸತ್ತವನೆಂದೇ ತನ್ನನ್ನು ಎಣಿಸಿಕೊಂಡು ಶಾಲೆಯಲ್ಲೇ ಉಳಿಯುತ್ತಾನೆ. ಕಥೆಗಳಲ್ಲಿ ನಾನು ಕಂಡ ಹೆಡ್‌ಮಾಸ್ತರರಲ್ಲಿ ಕಾಲದ ಲೆಕ್ಕ ಇಟ್ಟವನು ಇವನೊಬ್ಬನೇ. ಆದರೆ ಆ ಲೆಕ್ಕ ಇಡುವುದಕ್ಕೆ ಅವನು ಮೊದಲು ಸಾಯಬೇಕಾಯಿತು ಎಂಬುದನ್ನು ಮರೆಯಬಾರದು. ಜಪಾನಿನ ತೆತ್ಸುಕೊ ಕುರೊಯನಾಗಿಯವರು 1981ರಲ್ಲಿ ಪ್ರಕಟಿಸಿದ ‘ತೊತ್ತೊ-ಚಾನ್’ ನಮ್ಮ ಶಿಕ್ಷಕರಿಗೆಲ್ಲ ಪರಿಚಿತ. ಬೇರೆ ಶಾಲೆಯಿಂದ ಹೊರಹಾಕಿಸಿಕೊಂಡು ಬಂದ ಪುಟ್ಟ ಹುಡುಗಿಯ ಮಾತನ್ನು ಕೊಬಾಯಾಶಿ ಮೇಷ್ಟ್ರು ಮೊದಲ ದಿನವೇ ನಾಲ್ಕು ಗಂಟೆ ಕಾಲ ಕೂತು ಕೇಳಿದರು. ಆಕಳಿಸಲಿಲ್ಲ, ಬೇಸರ ತೋರಲಿಲ್ಲ. ಈ ಭಾಗವನ್ನು ಓದಿ ಕಣ್ಣು ಒದ್ದೆ ಮಾಡಿಕೊಳ್ಳದ ಮೇಷ್ಟ್ರನ್ನು ನಾನು ಕಂಡಿಲ್ಲ. ನನ್ನ ಕಣ್ಣೂ ಒದ್ದೆಯಾಗಿದೆ. ಆದರೆ ವೊಲ್ಕಾಟ್ ಓದಿದ ಮೇಲೆ ಒಂದು ಒಣ ಪ್ರಶ್ನೆ ಏಳುತ್ತದೆ: ಆ ನಾಲ್ಕು ಗಂಟೆ ಉಳಿದ ಶಾಲೆಯನ್ನು ನೋಡಿಕೊಂಡವರು ಯಾರು? ತೊಮೊಯೆ ಶಾಲೆಯಲ್ಲಿ ಇದ್ದ ಮಕ್ಕಳು ಐವತ್ತರ ಆಸುಪಾಸು. ಕೊಬಾಯಾಶಿಯವರ ದೊಡ್ಡತನದಲ್ಲಿ ಅವರ ಶಾಲೆಯ ಸಣ್ಣತನಕ್ಕೂ ಒಂದು ಪಾಲು ಸಲ್ಲಬೇಕು. ಹೀಗೆಂದರೆ ಅವರನ್ನು ಕೆಳಗಿಳಿಸಿದಂತಲ್ಲ; ಅವರಂತಾಗಲು ಏನೇನು ಬೇಕೆಂದು ಹೇಳಿದಂತೆ.

ಬೆತ್ತದವನು, ಸಂತ ಇಬ್ಬರನ್ನೂ ಬಿಟ್ಟರೆ ಸಾಹಿತ್ಯಕ್ಕೆ ಗೊತ್ತಿರುವ ಮೂರನೆಯ ಹೆಡ್‌ಮಾಸ್ತರನು ರಿಜಿಸ್ಟರಿನ ಹೆಡ್‌ಮಾಸ್ತರ. ಅವನು ಹಾಸ್ಯಕ್ಕೆ ಮೀಸಲು. ಕಡತದಲ್ಲಿ ಮೂಗು ಹುದುಗಿಸಿಕೊಂಡವನು, ಪಾಠ ಮರೆತವನು. ನಾನೂ ಅವನನ್ನು ನೋಡಿ ನಕ್ಕವನೇ. ಈ ನಗುವಿನ ವಿಷಯದಲ್ಲಿ ಈಚಿನ ಅಧ್ಯಯನಗಳು ನನ್ನನ್ನು ಸ್ವಲ್ಪ ಪೇಚಿಗೆ ಸಿಕ್ಕಿಸಿವೆ. 2008ರಲ್ಲಿ ಅಮೆರಿಕದ ಮಯಾಮಿ-ಡೇಡ್ ಜಿಲ್ಲೆಯಲ್ಲಿ 65 ಮಂದಿ ಮುಖ್ಯಸ್ಥರ ದಿನಗಳನ್ನು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಂಥದೇ ಬಗೆಯಲ್ಲಿ ಗುರುತು ಹಾಕಿದರು. ಕಾಲದಲ್ಲಿ ನೂರಕ್ಕೆ ಸುಮಾರು 30 ಪಾಲು ವರದಿ, ಶಿಸ್ತು, ನಿಯಮಪಾಲನೆಗಳಂಥ ಆಡಳಿತಕ್ಕೆ ಹೋಗುತ್ತಿತ್ತು. ಪಾಠಪ್ರವಚನಕ್ಕೆ ಸಂಬಂಧಪಟ್ಟ ಕೆಲಸಕ್ಕೆ ಉಳಿಯುತ್ತಿದ್ದುದು ಅದರ ಅರ್ಧಕ್ಕಿಂತ ಕಡಿಮೆ. ಇಷ್ಟು ನಾವು ಊಹಿಸಬಹುದಾದದ್ದೇ. ಊಹಿಸದ ಸಂಗತಿ ಮುಂದಿದೆ. ಹಣಕಾಸು, ಸಿಬ್ಬಂದಿ ಮುಂತಾಗಿ ಮನೆಯನ್ನು ಸರಿಯಾಗಿಡುವ ಕೆಲಸಕ್ಕೆ ಹೆಚ್ಚು ಕಾಲ ಕೊಟ್ಟ ಮುಖ್ಯಸ್ಥರ ಶಾಲೆಗಳಲ್ಲಿ ಫಲಿತಾಂಶ ಮೇಲಾಗಿತ್ತು. ಅದೇ ಜಿಲ್ಲೆಯಲ್ಲಿ ನೂರರಷ್ಟು ಮುಖ್ಯಸ್ಥರನ್ನು ಮೂರು ವರ್ಷಗಳಲ್ಲಿ ನೋಡಿ 2013ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು, ತರಗತಿಗಳಲ್ಲಿ ಸುಮ್ಮನೆ ಹೊಕ್ಕು ಹೊರಡುವ ಸುತ್ತಾಟದಿಂದ ಒಳಿತಾದುದು ಕಾಣಲಿಲ್ಲ, ಒಬ್ಬ ಮೇಷ್ಟ್ರನ್ನು ಹತ್ತಿರ ಕೂರಿಸಿಕೊಂಡು ತಿದ್ದಿದ ಕಾಲದಿಂದ ಆಯಿತು ಎಂದು ತೋರಿಸಿತು.

ಆದ್ದರಿಂದ ರಿಜಿಸ್ಟರಿನ ಹೆಡ್‌ಮಾಸ್ತರನನ್ನು ಹಾಸ್ಯ ಮಾಡುವಾಗ, ಯಾವ ರಿಜಿಸ್ಟರು ಎಂದು ಕೇಳಬೇಕಾಗಿದೆ. ಶಾಲೆಗಾಗಿ ಬರೆದದ್ದೆ, ಶಾಲೆಯ ಮೇಲಿನವರಿಗಾಗಿ ಬರೆದದ್ದೆ? ಮೊದಲನೆಯದು ಅಡುಗೆಮನೆಯ ಉಪ್ಪಿನ ಭರಣಿಯಂತೆ. ಅದನ್ನು ತುಂಬಿಡುವವನನ್ನು ನೋಡಿ ನಗುವುದು ಉಣ್ಣುವವನಿಗೆ ಶೋಭಿಸದು. ಎರಡನೆಯದೇ ಹೊತ್ತನ್ನು ನುಂಗುವುದು.

ವೊಲ್ಕಾಟರ ಗ್ರಂಥದಲ್ಲಿ ನನಗೆ ಅತೃಪ್ತಿಯಾಗುವುದೂ ಇಲ್ಲಿಯೇ. ಅವರು ಅತ್ಯಂತ ನಿಷ್ಠೆಯಿಂದ ನೋಡುತ್ತಾರೆ. ಆದರೆ ನೋಟ ಎಲ್ಲದರ ಮೇಲೂ ಒಂದೇ ಸಮನಾಗಿ ಬೀಳುತ್ತದೆ. ಎಡ್ ಬೆಲ್ ಮೇಲಧಿಕಾರಿಗಳ ಸಭೆಯಲ್ಲಿ ಕುಳಿತ ಗಂಟೆಯೂ ತಾಯಿಯೊಬ್ಬಳ ಅಳು ಕೇಳಿದ ಗಂಟೆಯೂ ಅವರ ಪಟ್ಟಿಯಲ್ಲಿ ಅಕ್ಕಪಕ್ಕದ ಸಾಲುಗಳು. ಪುಸ್ತಕದ ಕಡೆಯ ಭಾಗದಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ ನಿಜ. ಹೆಡ್‌ಮಾಸ್ತರನು ಹೊಸತನದ ಹರಿಕಾರನೆಂದು ಭಾಷಣಗಳಲ್ಲಿ ಹೇಳುವುದಾದರೂ, ಅವನು ವಾಸ್ತವದಲ್ಲಿ ಮಾಡುವುದು ಗೊಂದಲದ ಅಂಚುಗಳನ್ನು ಸವರಿ, ಬಗೆಬಗೆಯಾದುದನ್ನು ಒಂದೇ ಬಗೆಗೆ ತಂದು, ವ್ಯವಸ್ಥೆಯನ್ನು ಇದ್ದಂತೆಯೇ ನಡೆಸಿಕೊಂಡು ಹೋಗುವುದು ಎಂಬುದು ಆ ತೀರ್ಮಾನ. ತಾಳ್ಮೆ, ಜಾಗರೂಕತೆ ಇವೇ ಅವನ ಗುಣಗಳು. ಮಾತು ಸತ್ಯ. ಆದರೆ ಅವನು ಯಾಕೆ ಹಾಗಾದ ಎಂಬ ಪ್ರಶ್ನೆಗೆ ಅವರದೇ ನಿಮಿಷದ ಪಟ್ಟಿಯಲ್ಲಿ ಉತ್ತರವಿತ್ತೆಂದು ನನಗೆ ತೋರುತ್ತದೆ. ಒಂಬತ್ತು ನಿಮಿಷದ ತುಣುಕುಗಳಲ್ಲಿ ಬದುಕುವವನು ಒಂಬತ್ತು ನಿಮಿಷಕ್ಕೆ ಮುಗಿಯುವ ಪರಿಹಾರಗಳನ್ನೇ ಕಲಿಯುತ್ತಾನೆ. ಹೊಸದನ್ನು ಯೋಚಿಸಲು ಅವನಿಗೆ ಧೈರ್ಯವಿಲ್ಲವೆಂದಲ್ಲ, ಮಧ್ಯಾಹ್ನ ಬಿಡುವಿಲ್ಲ. ವೊಲ್ಕಾಟ್ ಈ ಎರಡು ತುದಿಗಳನ್ನೂ ಕೈಯಲ್ಲಿ ಹಿಡಿದು ಗಂಟು ಹಾಕದೆ ಬಿಟ್ಟಿದ್ದಾರೆ.

ಇನ್ನೊಂದು ಕೊರತೆ ಅವರದಲ್ಲ, ನಮ್ಮದು. ಅವರು ಹಾಕಿಕೊಂಡ ನಿಯಮದಿಂದಲೇ ನಮ್ಮ ಬಹುಪಾಲು ಹೆಡ್‌ಮಾಸ್ತರರು ಹೊರಗುಳಿಯುತ್ತಾರೆ. ಪಾಠದ ಹೊರೆಯಿಲ್ಲದ ಮುಖ್ಯಸ್ಥ ನಮ್ಮ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಎಲ್ಲಿದ್ದಾನೆ? 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳಿರುವ ಶಾಲೆಗೆ ಇಬ್ಬರು ಶಿಕ್ಷಕರು. ಪ್ರತ್ಯೇಕ ಮುಖ್ಯ ಶಿಕ್ಷಕ ಬರಬೇಕಾದರೆ ಮಕ್ಕಳು 150ಕ್ಕೆ ಮೀರಬೇಕು. ಆ ಇಬ್ಬರಲ್ಲೊಬ್ಬರು ‘ಪ್ರಭಾರ’ ಹೊತ್ತು, ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಪಾಠ ಮಾಡುತ್ತ ಬಿಸಿಯೂಟದ ಲೆಕ್ಕ ಬರೆಯಬೇಕು. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಬಂದ ಮೇಲೆ ತಲೆಗೆ 150 ಮಿಲಿಲೀಟರ್ ಹಾಲಿನ ಪುಡಿಯ ಲೆಕ್ಕ. ಅದಾದ ಮೇಲೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಹಾಲು, ಮೊಟ್ಟೆ ಬೇಡವೆನ್ನುವ ಕಟುಕನು ನಾನಲ್ಲ. ಹಸಿದ ಮಗುವಿಗೆ ಮೊಟ್ಟೆ ಕೊಡುವುದು ಪಾಠಕ್ಕಿಂತ ಮೊದಲನೆಯ ಕೆಲಸವೇ. ಎಷ್ಟು ಮೊಟ್ಟೆ ಬಂದವು, ಎಷ್ಟು ಒಡೆದವು, ಎಷ್ಟು ಮಂದಿ ತಿಂದರು ಎಂಬುದನ್ನು ವಹಿಯಲ್ಲಿ ಒಂದು ಸಲ, ಮೊಬೈಲಿನಲ್ಲಿ ಇನ್ನೊಂದು ಸಲ, ಕೇಳಿದವರಿಗೆ ಮೂರನೆಯ ಸಲ ಕೊಡುವುದನ್ನು ಯಾವ ಕೆಲಸವೆನ್ನಬೇಕೋ ತಿಳಿಯದು.

ಅದೇ ಕಾಯಿದೆಯ 27ನೆಯ ಕಲಮು ಜನಗಣತಿ, ವಿಪತ್ತಿನ ಪರಿಹಾರ, ಚುನಾವಣೆ ಇವುಗಳ ಹೊರತು ಬೇರೆ ಕೆಲಸಗಳಿಗೆ ಶಿಕ್ಷಕರನ್ನು ನಿಯೋಜಿಸಬಾರದೆನ್ನುತ್ತದೆ. ಓದಲು ಸೊಗಸಾದ ಕಲಮು. 2025ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ನಮ್ಮ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆದಾಗ ಮನೆಮನೆಗೆ ಹೋದವರಲ್ಲಿ ಬಹುಮಂದಿ ಶಿಕ್ಷಕರೇ. ಕೆಲಸ ಮುಗಿಯದೆ ದಸರಾ ರಜೆಯನ್ನೂ ಮುಂದುವರಿಸಬೇಕಾಯಿತು. ಸಮೀಕ್ಷೆ ಬೇಕೆ ಬೇಡವೆ ಎಂಬ ಚರ್ಚೆ ಈ ಅಂಕಣದ್ದಲ್ಲ. ಇಂಥ ಹೊತ್ತಿನಲ್ಲಿ ಒಬ್ಬ ಹೆಡ್‌ಮಾಸ್ತರನಿಗೆ ಕಾಲ ನಿರ್ವಹಣೆಯ ಚೌಕವನ್ನು ಕೊಡುವುದು, ಕೊಡ ತೂತಾದವನಿಗೆ ನೀರು ಹೊರುವ ಭಂಗಿಯನ್ನು ಕಲಿಸಿದಂತೆ.

ಈ ದಿನವನ್ನು ಒಳಗಿನಿಂದ ಬರೆದ ಪುಸ್ತಕ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ನಿವೃತ್ತ ಮುಖ್ಯೋಪಾಧ್ಯಾಯರ ಆತ್ಮಕಥೆಗಳು ಆಗಾಗ ಕೈಗೆ ಬರುತ್ತವೆ, ಆದರದಿಂದಲೇ ಓದುತ್ತೇನೆ. ಅವುಗಳಲ್ಲಿ ವರ್ಗಾವಣೆಗಳುಂಟು, ಸನ್ಮಾನಗಳುಂಟು, ಹೊಸ ಕೊಠಡಿ ಕಟ್ಟಿಸಿದ ಕಥೆಯುಂಟು, ಈಗ ದೊಡ್ಡ ಹುದ್ದೆಗಳಲ್ಲಿರುವ ಶಿಷ್ಯರ ಹೆಸರುಗಳುಂಟು. ಒಂದು ಸಾದಾ ಮಂಗಳವಾರ ಮಾತ್ರ ಇಲ್ಲ. ಸಾದಾ ಮಂಗಳವಾರಗಳೇ ಮೂವತ್ತು ವರ್ಷ ಆ ಬದುಕನ್ನು ತುಂಬಿದ್ದರೂ ಅವನ್ನು ಬರೆಯಲು ಯೋಗ್ಯವೆಂದು ಅವರಿಗೇ ತೋರಿಲ್ಲ. ಇದು ವಿನಯವಾದರೆ ಬೇಡದ ವಿನಯ. ಸಾಹಿತ್ಯವೆಂದರೆ ವಿಶೇಷ ದಿನಗಳ ವರದಿಯೆಂದು ನಾವೇ, ವಿಮರ್ಶಕರೂ ಕಥೆಗಾರರೂ ಸೇರಿ, ಅವರಿಗೆ ಕಲಿಸಿದ್ದೇವೇನೋ ಎಂಬ ಸಂಶಯ ನನಗುಂಟು.

ವೊಲ್ಕಾಟ್ 2012ರಲ್ಲಿ ತೀರಿಕೊಂಡರು. ಅವರ ಇಂಗ್ಲಿಷು ಸರಳ. ಪಾರಿಭಾಷಿಕ ಪದಗಳ ಕಾಟ ಅಲ್ಪ. ಇಡೀ ಗ್ರಂಥವನ್ನು ಓದಲು ಪುರಸೊತ್ತಿಲ್ಲದವರು, ಅದರಲ್ಲಿಯೂ ಶಾಲೆ ನಡೆಸುತ್ತಿರುವವರು, ಎಡ್ ಬೆಲ್‌ನ ಒಂದೇ ದಿನವನ್ನು ಬೆಳಗಿನಿಂದ ಹಿಂಬಾಲಿಸುವ ಮೊದಲ ಭಾಗವನ್ನಾದರೂ ಓದಬಹುದು. ಓದುವಾಗ ನಡುವೆ ಯಾರಾದರೂ ಬಾಗಿಲು ತಟ್ಟುತ್ತಾರೆ. ಪುಸ್ತಕ ಮುಚ್ಚಿಟ್ಟು ಎದ್ದು ಹೋಗಿ ಬಂದು ಮತ್ತೆ ತೆಗೆದರೂ ಎಲ್ಲಿ ಬಿಟ್ಟಿರೆಂದು ಹುಡುಕಬೇಕಾಗುವುದಿಲ್ಲ. ಅಲ್ಲಿಯೂ ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿರುತ್ತಾರೆ.